ಕೈ ಮುಟ್ಟಬಾರದ ಪೈಪು

ನಮ್ಮ ಮನೆಯಲ್ಲಿ ಎಂಜಲಿಗೆ ಇದ್ದಷ್ಟು ಕಾಯಿದೆಗಳು ಹೈಕೋರ್ಟಿನಲ್ಲೂ ಇರಲಿಕ್ಕಿಲ್ಲ. ಬಾಯಿಗೆ ತಾಗಿದ್ದು ಎಂಜಲು. ಅದನ್ನು ಮುಟ್ಟಿದ ಕೈ ಎಂಜಲು. ಆ ಕೈ ತೊಳೆಯದೆ ಮುಟ್ಟಿದ ತಂಬಿಗೆ, ಪುಸ್ತಕ, ರೇಡಿಯೋದ ಗುಂಡಿ, ಬಾಗಿಲ ಚಿಲಕ ಎಲ್ಲವೂ ಎಂಜಲು. ನೀರನ್ನು ಎತ್ತಿ ಕುಡಿಯಬೇಕು, ಪೆನ್ಸಿಲ್ ಕಚ್ಚಬಾರದು, ಲಕೋಟೆಯ ಗೋಂದನ್ನು ನಾಲಿಗೆಯಿಂದ ಒದ್ದೆ ಮಾಡಬಾರದು. ಈ ಕಾಯಿದೆಗಳನ್ನು ಧಾರವಾಡದಿಂದ ಗೋರೆಗಾಂವಿಗೆ ತಂದವಳು ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ. ಊರಿನ ದೊಡ್ಡ ಮನೆಯಲ್ಲಿ ನಡೆಸಿದಷ್ಟೇ ಬಿಗಿಯಾಗಿ ಅವುಗಳನ್ನು ನಮ್ಮ ಎರಡು ಖೋಲಿಯ ಬ್ಲಾಕಿನಲ್ಲೂ ನಡೆಸಿದಳು. ಜಾಗ ಕಡಿಮೆ ಇದ್ದದ್ದರಿಂದ ಕಾಯಿದೆ ಮುರಿಯುವ ಸಂದರ್ಭಗಳು ಮಾತ್ರ ಹೆಚ್ಚಾದವು. ಅಂಥ ಮನೆಗೆ ಅಪ್ಪ ಒಂದು ಸಂಜೆ ತಂಬಾಕಿನ ಪೈಪು ತಂದ.

ನಾನು ಒಮ್ಮೆಯೂ ತಂಬಾಕು ಸೇದಿದವಳಲ್ಲ. ಆದರೂ ಪೈಪಿನ ಆಕಾರಗಳ ಬಗ್ಗೆ ಯಾರ ಜೊತೆಗಾದರೂ ವಾದಕ್ಕೆ ನಿಲ್ಲಬಲ್ಲೆ, ಗೆಲ್ಲಲೂ ಬಲ್ಲೆ. ನೆಟ್ಟನೆಯದು ಯಾರಿಗೆ, ಬಾಗಿದ್ದು ಯಾರಿಗೆ, ತಂಬಾಕು ತುಂಬುವ ಬಟ್ಟಲಿನ ಬಾಯಿ ಅಗಲವಿದ್ದರೆ ಏನು, ಗೋಡೆ ತೆಳುವಿದ್ದರೆ ಏನು, ಎಲ್ಲ ಗೊತ್ತು. ಫ್ರಾಕು ತೊಟ್ಟು ಎರಡು ಜಡೆ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಈ ವಿದ್ಯೆ ನನಗೆ ಬೇಕಾಯಿತು. ಬೇಕಾದ ವಿದ್ಯೆ ಬೇಗ ಬರುತ್ತದೆ.

ಅಪ್ಪ ಫೋರ್ಟಿನ ಒಂದು ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್. ಹಗಲೆಲ್ಲ ಗಿರಣಿ ಯಂತ್ರಗಳ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದ. ಸಂಜೆ ಲೋಕಲ್ ಇಳಿದು ಮನೆಗೆ ಬಂದ ಮೇಲೆ ನಮ್ಮ ಕಡೆಯ ಗುತ್ತಿಗೆದಾರರೊಬ್ಬರಿಗೆ ಮನೆಗಳ ನಕ್ಷೆ ಮಾಡಿಕೊಡುತ್ತಿದ್ದ. ಹೊರಗಿನ ಖೋಲಿಯ ಕಿಟಕಿಯ ಪಕ್ಕ ಅವನ ಡ್ರಾಯಿಂಗ್ ಬೋರ್ಡು. ಅದರ ಮೇಲೆ ಉದ್ದನೆಯ ವೈರಿನಿಂದ ಇಳಿಬಿಟ್ಟ ಬಲ್ಬು. ಮನೆಯಲ್ಲಿ ಒಳ್ಳೆಯ ಬೆಳಕು ಇದ್ದದ್ದು ಅಲ್ಲೊಂದೇ ಕಡೆ, ಹಾಗಾಗಿ ಎಲ್ಲರ ಕೆಲಸವೂ ಅಲ್ಲಿಗೇ ಬರುತ್ತಿತ್ತು. ಅವ್ವ ಅಕ್ಕಿ ಆರಿಸುತ್ತಿದ್ದಳು, ಅಜ್ಜಿ ದೇವರಿಗೆ ಹೂಬತ್ತಿ ಹೊಸೆಯುತ್ತಿದ್ದಳು. ನಾನು ಬೋರ್ಡಿನ ಎಡಬದಿಗೆ ಸ್ಟೂಲಿನ ಮೇಲೆ ಕುಳಿತು ಟ್ರೇಸಿಂಗ್ ಕಾಗದದ ಮೂಲೆ ಹಿಡಿಯುತ್ತಿದ್ದೆ, ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡುತ್ತಿದ್ದೆ, ಬಾಗಿಲು ಯಾವ ಕಡೆ ತೆರೆಯಬೇಕೆಂದು ಅಪ್ಪನ ಜೊತೆ ಜಗಳಾಡುತ್ತಿದ್ದೆ. ನಾನು ಮುಂದೆ ಮನೆಗಳ ನಕ್ಷೆ ಬರೆದೇ ಬದುಕಿದವಳು. ನನ್ನ ಕಾಲೇಜು ಅದೇ ಸ್ಟೂಲು. ಆ ಸಂಜೆಗಳು ನನಗೆ ಊಟಕ್ಕಿಂತ ಹೆಚ್ಚು ಬೇಕಾಗಿದ್ದವು.

ಪೈಪಿಗೆ ಮುಂಚೆ ಅಪ್ಪ ಸಿಗರೇಟು ಸೇದುತ್ತಿದ್ದ. ಸ್ಟೇಶನ್ನಿಂದ ಬರುವ ದಾರಿಯಲ್ಲಿ ಒಂದು ಸೇದಿ ಎಸೆದು, ಬಡೇಸೋಪು ಅಗಿಯುತ್ತ ಮೆಟ್ಟಿಲು ಹತ್ತುತ್ತಿದ್ದ. ಅಜ್ಜಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುತ್ತಿದ್ದಳು. ತಂಬಾಕಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಅವಳೇ ದಿನವಿಡೀ ಮೂಗಿಗೆ ತಪಕೀರು, ಅಂದರೆ ನಶ್ಯ, ಏರಿಸುತ್ತಿದ್ದಳು. ಮೂಗು ಬಾಯಿಯಲ್ಲವಾದ್ದರಿಂದ ಅದರಲ್ಲಿ ಎಂಜಲಿನ ಪ್ರಶ್ನೆಯೇ ಬರುವುದಿಲ್ಲ ಎಂಬುದು ಅವಳ ಮತ.

ಆ ಮೊದಲ ಪೈಪು ಅಪ್ಪ ಕೊಂಡದ್ದಲ್ಲ. ಕಚೇರಿಯ ಹಿರಿಯ ಎಂಜಿನಿಯರು ನಿವೃತ್ತರಾಗುವಾಗ ತಾವು ಸೇದುತ್ತಿದ್ದ ಪೈಪನ್ನೇ ನೆನಪಿಗೆಂದು ಕೊಟ್ಟಿದ್ದರು. ಕಚೇರಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಅಪ್ಪ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು, ಬೋರ್ಡಿನ ಮೇಲೆ ಬಿಚ್ಚಿ ತೋರಿಸಿದ. ನೆಟ್ಟನೆಯ ಉದ್ದ ಕೊಳವೆ, ತುದಿಗೆ ಕಂದು ಬಣ್ಣದ ಬಟ್ಟಲು. ಅಜ್ಜಿ ದೂರದಿಂದಲೇ ನೋಡಿದಳು.

"ಯಾರದಿದು?"

"ನಮ್ಮ ಸಾಹೇಬರದವ್ವಾ. ರಿಟೈರ್ ಆದ್ರು. ನೆನಪಿಗೆ ಇರ್ಲಿ ಅಂತ ಕೊಟ್ರು."

"ಅಂದ್ರ ಅವರು ಬಾಯಾಗ ಇಟಗೊಂಡಿದ್ದು?"

"ಮತ್ತ? ಪೈಪು ಬಾಯಾಗ ಇಡದ ಕಿವ್ಯಾಗ ಇಡತಾರೇನು."

"ಮಂದೀ ಎಂಜಲಾ ಅರಬ್ಯಾಗ ಸುತ್ತಿ ಮನೀತನಕ ತಂದೀಯಲ್ಲೋ."

"ಹೊಸಾದು ತಂದ್ರ ನಡೀತದೇನು?"

"ಹೊಸಾದೂ ನಡೆಯೂದುಲ್ಲ. ಸಿಗರೇಟಿನ ಮಾತು ಬ್ಯಾರೆ. ಸೇದಿ ಒಗದು ಬರತಾರ, ಎಂಜಲಾ ಅಲ್ಲೇ ಮುಗೀತದ. ಇದನ್ನ ಇವತ್ತು ಎಂಜಲಾ ಮಾಡಿ ನಾಳಿಗೆ ಅಂತ ತಗದಿಡೂದು ಅಂದ್ರ ಏನು? ತಾಟಿನ್ಯಾಗ ಬಿಟ್ಟ ಅನ್ನ ನಾಳಿಗೆ ತಗದಿಡತೇವೇನು?"

ಅಪ್ಪ "ಒಲ್ಲದ ಗಂಡಗ ಮೊಸರಾಗ ಕಲ್ಲು" ಎಂದು ಗೊಣಗಿದ. ಅಜ್ಜಿ ತೀರ್ಪು ಕೊಟ್ಟೇಬಿಟ್ಟಳು.

"ಅದರ ಎಂಜಲಾ ನನಗ ಮುಟ್ಟಿದ ದಿವಸ ನಾ ಕುರ್ಲಾಕ್ಕ ಹೋಗತೀನಿ. ಆಮ್ಯಾಲೆ ಕರೀಲಿಕ್ಕೆ ಬರಬ್ಯಾಡ್ರಿ."

ಕುರ್ಲಾದಲ್ಲಿ ನನ್ನ ಸೋದರತ್ತೆಯ ಮನೆ. ಅಜ್ಜಿ ಹೇಳಿದಂತೆ ಮಾಡುವವಳು ಎಂಬುದರಲ್ಲಿ ನಮ್ಮ ಯಾರಿಗೂ ಅನುಮಾನ ಇರಲಿಲ್ಲ. ಧಾರವಾಡದ ಮನೆಯನ್ನೂ ಅವಳು ಹೀಗೇ ಒಂದು ಮಾತಿನ ಮೇಲೆ ಬಿಟ್ಟು ಬಂದವಳು. ಅಪ್ಪ ಪೈಪನ್ನು ಮನೆಗೆ ತರುವುದು ಬಿಟ್ಟ, ಆದರೆ ಪೈಪನ್ನು ಬಿಡಲಿಲ್ಲ. ಸಿಗರೇಟಾದರೆ ನಡೆಯುತ್ತ ಸೇದಿ ಮುಗಿಯುತ್ತಿತ್ತು. ಪೈಪಿಗೆ ತಂಬಾಕು ತುಂಬಬೇಕು, ಒತ್ತಬೇಕು, ಆರಿದರೆ ಮತ್ತೆ ಹೊತ್ತಿಸಬೇಕು. ಅವಸರ ಮಾಡಿದರೆ ನಾಲಿಗೆ ಸುಡುತ್ತದೆ. ಅಪ್ಪ ಬಿಲ್ಡಿಂಗಿನ ಕೆಳಗೆ ಕಾಂಪೌಂಡ್ ಗೋಡೆಯ ಮೇಲೆ ಕೂರತೊಡಗಿದ. ನಾನು ಗ್ಯಾಲರಿಯಿಂದ ಇಣುಕಿದರೆ ಅವನ ತಲೆ ಮತ್ತು ಹೊಗೆ ಕಾಣುತ್ತಿತ್ತು. ಬೋರ್ಡಿನ ಮೇಲಿನ ಬಲ್ಬು ಸುಮ್ಮನೆ ಉರಿಯುತ್ತಿತ್ತು. ಪೈಪು ಒಳಗೆ ಬಂದರೆ ಅಜ್ಜಿ ಹೊರಗೆ, ಬರದಿದ್ದರೆ ಅಪ್ಪ ಹೊರಗೆ. ನನಗೆ ಇಬ್ಬರೂ ಬೇಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅತ್ತರೆ ಕೆಲಸವಾಗುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಅಳುವವರಿಗಿಂತ ವಾದಿಸುವವರಿಗೆ ಬೆಲೆ. ಒಂದು ಮಧ್ಯಾಹ್ನ ಅಜ್ಜಿ ಒಳ್ಳೆಯ ಮನಸ್ಸಿನಲ್ಲಿದ್ದಾಗ ಪಕ್ಕದಲ್ಲಿ ಹೋಗಿ ಕುಳಿತೆ.

"ಅಜ್ಜಿ, ಬಾಯೊಳಗ ಇದ್ದದ್ದು ಎಂಜಲೇನು?"

"ಬಾಯೊಳಗ ಇರೂತನಕ ಯಾವುದೂ ಎಂಜಲಲ್ಲ. ಹೊರಗ ಬಂದ ಮ್ಯಾಲೆ."

"ಹಂಗಾದ್ರ ಅಪ್ಪ ಪೈಪು ಬಾಯಾಗಿಂದ ತಗೀಲೇ ಇಲ್ಲ ಅಂದ್ರ?"

ಅಜ್ಜಿ ನನ್ನತ್ತ ತಿರುಗಿದಳು. ಮೊಮ್ಮಗಳು ತನ್ನ ಕಾಯಿದೆಯಲ್ಲೇ ಕಿಂಡಿ ಹುಡುಕಿದಳೆಂಬ ಸಿಟ್ಟಿಗಿಂತ ಸಂತೋಷವೇ ಅವಳ ಮುಖದಲ್ಲಿ ಹೆಚ್ಚಿಗೆ ಇತ್ತು.

"ತಗೀದಿದ್ರ ನಡೀತದ. ಹೊತ್ತಿಸಿ ಕೈ ತೊಳಕೋಬೇಕು. ಆಮ್ಯಾಲೆ ಕೈ ಮುಟ್ಟಿಸಬಾರದು. ಮೇಜಿನ ಮ್ಯಾಲೆ, ಕಿಟಕ್ಯಾಗ, ಎಲ್ಲೂ ಇಡಬಾರದು. ಮುಗದ ಮ್ಯಾಲೆ ಸೀದಾ ಬಚ್ಚಲಕ್ಕ. ಅಲ್ಲೊಂದು ಕರಟಾ ಇಡತೀನಿ, ಅದರಾಗ ಇಡ್ಲಿ."

ಹೀಗೆ ಪೈಪಿಗೆ ನಮ್ಮ ಮನೆಯ ಬಚ್ಚಲಲ್ಲಿ ತೆಂಗಿನ ಕರಟದ ಒಂದು ಸ್ಥಾನ ದೊರೆಯಿತು. ಆದರೆ ಸಾಹೇಬರ ಪೈಪು ಈ ಪರೀಕ್ಷೆಯಲ್ಲಿ ಫೇಲಾಯಿತು. ಮಂದಿಯ ಎಂಜಲೆಂಬುದು ಒಂದು ಕಾರಣ. ಇನ್ನೊಂದು, ನೆಟ್ಟನೆಯ ಉದ್ದ ಪೈಪನ್ನು ಕೈ ಹಚ್ಚದೆ ಹಲ್ಲಿನಲ್ಲೇ ಹಿಡಿಯುವುದೆಂದರೆ ಸಾರಿನ ಸೌಟನ್ನು ಹಿಡಿಕೆಯ ತುದಿಯಿಂದ ಕಚ್ಚಿ ನಿಂತಂತೆ. ಭಾರವೆಲ್ಲ ದೂರದಲ್ಲಿ, ನೋವೆಲ್ಲ ದವಡೆಯಲ್ಲಿ. ನೆಟ್ಟನೆಯ ಪೈಪಿನ ಹೊಗೆ ಒಣಗಿರುತ್ತದೆ, ಹತ್ತಿ ಸುತ್ತಿದ ತಂತಿ ಒಂದೇ ಎಳೆತಕ್ಕೆ ಕೊಳವೆಯ ಆಚೆ ಹೋಗಿ ಸ್ವಚ್ಛ ಮಾಡುತ್ತದೆ, ಎಲ್ಲ ನಿಜ. ಆದರೆ ಅದು ಆರಾಮ ಕುರ್ಚಿಯಲ್ಲಿ ಕುಳಿತು ಒಂದು ಕೈಯನ್ನು ಅದಕ್ಕೇ ಮೀಸಲಿಟ್ಟವರ ಪೈಪು. ಅಪ್ಪನಿಗೆ ಒಂದು ಕೈಗೆ ಗೆರೆ ಹಾಕುವ ಟೀ-ಸ್ಕ್ವೇರು, ಇನ್ನೊಂದು ಕೈಗೆ ಪೆನ್ನು. ಸಾಹೇಬರ ನೆನಪು ಕಚೇರಿಯ ಡ್ರಾವರಿಗೆ ಹೋಯಿತು.

ಭಾನುವಾರ ನಾನು ಮತ್ತು ಅಪ್ಪ ಬಾಂದ್ರಾಕ್ಕೆ ಹೋದೆವು. ಸ್ಟೇಶನ್ನಿನಿಂದ ಸ್ವಲ್ಪ ದೂರದ ಗಲ್ಲಿಯಲ್ಲಿ ಕ್ರಿಶ್ಚಿಯನ್ ಮುದುಕರೊಬ್ಬರ ಅಂಗಡಿ. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಪೈಪುಗಳು ಸಾಲಾಗಿ ಮಲಗಿದ್ದವು: ಉದ್ದನೆಯವು, ಗಿಡ್ಡವು, ಹಂಸದ ಕೊರಳಿನಂತೆ ಬಾಗಿದವು. ಅಂಕಲ್ ಮೊದಲು ತೆಗೆದು ತೋರಿಸಿದ್ದು ತಳ ಚಪ್ಪಟೆಯಾದ ಒಂದು ಗಿಡ್ಡ ಪೈಪನ್ನು. ಅದನ್ನು ಮೇಜಿನ ಮೇಲೆ ಇಟ್ಟು ಕೈ ಬಿಟ್ಟರು. ಅದು ಉರುಳದೆ ನಿಂತಿತು.

"ದೇಖೋ ಮ್ಯಾನ್, ಕಿಧರ್ ಭೀ ರಖೋ, ಅಪ್ನೇ ಆಪ್ ಖಡಾ ರಹತಾ ಹೈ."

ಎಲ್ಲಿ ಇಟ್ಟರೂ ತಾನಾಗಿ ನಿಲ್ಲುವ ಎಂಜಲು. ಅಜ್ಜಿಯ ಮುಖ ನನ್ನ ಕಣ್ಣ ಮುಂದೆ ಬಂತು. ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ಕೈ ಹಚ್ಚದೆ ಸೇದುವಂಥದು ಬೇಕು ಎಂದು ಅಪ್ಪ ತನ್ನ ಹಿಂದಿಯಲ್ಲಿ ವಿವರಿಸಿದ.

"ಹಾಥ್ ನಹೀ ಲಗಾನೇ ಕಾ? ತೋ ಪೀನೇ ಕಾ ಕಾಯ್ಕೋ?" ಕೈ ಹಚ್ಚದಿದ್ದರೆ ಸೇದುವುದಾದರೂ ಯಾಕೆ ಎಂದು ಅಂಕಲ್ ಕೇಳಿದರು.

"ಘರ್ ಮೇ ಮಾ ಹೈ," ಎಂದ ಅಪ್ಪ.

ಮನೆಯಲ್ಲಿ ತಾಯಿ ಇದ್ದಾಳೆ ಎಂದ ಮೇಲೆ ಅಂಕಲ್ ಹೆಚ್ಚಿನದೇನೂ ಕೇಳಲಿಲ್ಲ. ಪೆಟ್ಟಿಗೆಯ ಹಿಂದಿನಿಂದ ಆಳವಾಗಿ ಬಾಗಿದ ಒಂದು ಪೈಪನ್ನು ತೆಗೆದರು. ಅದರ ಬಟ್ಟಲು ಗದ್ದದ ಕೆಳಗೆ ತೂಗುತ್ತಿತ್ತು. ಭಾರ ಕೆಳಕ್ಕೆ ಇಳಿಯುವುದರಿಂದ ಹಲ್ಲಿಗೆ ಎಳೆತ ಕಡಿಮೆ, ಕೈ ಎರಡೂ ಬಿಡುವು. ನನಗೂ ಅಪ್ಪನಿಗೂ ಗೆದ್ದೆವು ಅನ್ನಿಸಿತು. ಮರುದಿನದಿಂದ ಅಪ್ಪ ಕೆಳಗಿನ ಗೋಡೆ ಬಿಟ್ಟು ಮೇಲೆ ಬಂದ. ಬಚ್ಚಲಲ್ಲಿ ಹೊತ್ತಿಸಿ, ಕೈ ತೊಳೆದು, ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೋರ್ಡಿಗೆ ಬಂದು ನಿಲ್ಲುತ್ತಿದ್ದ. ಅಜ್ಜಿ ಬತ್ತಿ ಹೊಸೆಯುತ್ತ ಅವನ ಕೈಗಳನ್ನೇ ಕಾಯುತ್ತಿದ್ದಳು. ಕೈ ಗದ್ದದ ಹತ್ತಿರ ಬಂದರೆ ಸಾಕು, ಗಂಟಲು ಸರಿಪಡಿಸಿಕೊಳ್ಳುತ್ತಿದ್ದಳು.

ಆಕಾರವೆಂಬುದು ಒಂದು ಕೊಟ್ಟರೆ ಒಂದು ಕಸಿಯುತ್ತದೆ. ಅಷ್ಟು ಬಾಗಿದ ಕೊಳವೆಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ವಾರ ಕಳೆಯುವಷ್ಟರಲ್ಲಿ ಅಪ್ಪನ ಪ್ರತಿ ಉಸಿರಿಗೂ ಪೈಪು ಗೊರಗೊರ ಎನ್ನತೊಡಗಿತು. ಮೋರಿಯಲ್ಲಿ ನೀರು ಕಟ್ಟಿಕೊಂಡಿದೆಯೇನೋ ಎಂದು ಅವ್ವ ಎರಡು ಸಲ ಎದ್ದು ಹೋಗಿ ನೋಡಿದಳು. ಬಟ್ಟಲು ಮುಖದ ಹತ್ತಿರವೇ ಇದ್ದದ್ದರಿಂದ ಹೊಗೆ ಸೀದಾ ಕನ್ನಡಕದೊಳಗೆ ಏರುತ್ತಿತ್ತು. ಅಪ್ಪ ಕಣ್ಣು ಕಿರಿದು ಮಾಡಿ ಗೆರೆ ಎಳೆಯುತ್ತಿದ್ದ. ಬೋರ್ಡಿನ ಮೇಲೆ ಬಾಗಿದರೆ ಬಟ್ಟಲು ಕಾಗದಕ್ಕೆ ತಾಗುತ್ತಿತ್ತು. ಒಂದು ದಿನ ಕೊಳವೆಯ ಸಂದಿಯಿಂದ ಕಂದು ಹನಿಯೊಂದು ಇಳಿದು ನಕ್ಷೆಯಲ್ಲಿದ್ದ ಯಾರದೋ ಮನೆಯ ದೇವರಕೋಣೆಯ ಮೇಲೆ ಬಿತ್ತು. ಅಜ್ಜಿಗೆ ಕಾಣುವ ಮೊದಲೇ ನಾನು ಅದರ ಮೇಲೆ ಸ್ಕೇಲು ಇಟ್ಟೆ. ಅಪ್ಪ ಪೈಪನ್ನು ಬೈದ. "ಕುಣೀಲಿಕ್ಕೆ ಬರಲಾರದಾಕಿ ನೆಲಾ ಡೊಂಕು ಅಂದಳಂತ" ಎಂದು ಅವ್ವ ಒಳಗಿನಿಂದ ನಕ್ಕಳು.

ಆ ಪೈಪಿಗೆ ಗತಿ ಕಾಣಿಸಿದವಳೂ ಅವ್ವನೇ. ಅವಳ ಉದ್ದೇಶ ಒಳ್ಳೆಯದೇ ಇತ್ತು. ಗಂಡ ದಿನಾಲೂ ಬಾಯಿಗಿಡುವ ಪದಾರ್ಥ ಅಷ್ಟು ಕರ್ರಗೆ, ಅಷ್ಟು ನಾತವಾಗಿ ಇರುವುದನ್ನು ನೋಡಲಾರದೆ, ಮುಸುರಿಯ ಪಾತ್ರೆಗಳ ಜೊತೆ ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ತಿಕ್ಕಿ ತೊಳೆದಳು. ಬಟ್ಟಲಿನೊಳಗೆ ಕೂಡುವ ಕರಿಯೇ ಕಟ್ಟಿಗೆಯನ್ನು ಬೆಂಕಿಯಿಂದ ಕಾಪಾಡುತ್ತದೆ ಎಂದು ಅವಳಿಗೆ ಹೇಗೆ ಗೊತ್ತಿರಬೇಕು? ಪೈಪು ಹಿತ್ತಾಳೆ ಚೊಂಬಿನಷ್ಟು ಶುಭ್ರವಾಯಿತು. ಬಿಸಿಲಿಗಿಟ್ಟಾಗ ಸೀಳಿತು. ಸಂಜೆ ಅಪ್ಪ ಕರಟದಲ್ಲಿ ಕೈಯಿಟ್ಟು, ಎತ್ತಿ ನೋಡಿ, ಮೂಸಿದ.

"ಹುಣಸಿಹಣ್ಣೇನು?"

"ಹೂಂ ರೀ. ಇನ್ನೊಮ್ಮೆ ತೊಳೀಲೇನು?"

ಅವನು ನಗಲು ಶುರುಮಾಡಿದ, ಆಮೇಲೆ ನಾವೆಲ್ಲ ನಕ್ಕೆವು. ಅಜ್ಜಿ ಮಾತ್ರ ಸೊಸೆಯ ಪರ ನಿಂತಳು. "ಶಾಂತಾ ಮಾಡಿದ್ದು ಬರೋಬರಿ ಅದ," ಎಂದಳು.

ಎರಡನೆಯ ಸಲ ಬಾಂದ್ರಾಕ್ಕೆ ಹೋಗುವಾಗ ನನಗೆ ಬೇಕಾದ್ದು ಸ್ಪಷ್ಟವಿತ್ತು. ಅಂಕಲ್ ಕೇಳುವ ಮೊದಲೇ ಹೇಳಿದೆ: ಅರ್ಧ ಬಾಗಿರಬೇಕು. ನೀರು ನಿಲ್ಲುವಷ್ಟು ತಗ್ಗು ಬೇಡ, ದವಡೆ ಎಳೆಯುವಷ್ಟು ಉದ್ದ ಬೇಡ. ಬಟ್ಟಲು ಕಾಗದಕ್ಕೂ ತಾಗಬಾರದು, ಕಣ್ಣಿಗೂ ಹೊಗೆ ಬರಬಾರದು. ಬಟ್ಟಲಿನ ಬಾಯಿ ಕಿರಿದಾಗಿ ಆಳ ಇರಬೇಕು, ಅಗಲ ಬಾಯಿಯದು ದಡದಡ ಉರಿದು ಬಿಸಿಯಾಗಿ ಮುಗಿದುಬಿಡುತ್ತದೆ. ಆಳವಿದ್ದರೆ ನಿಧಾನವಾಗಿ, ತಂಪಾಗಿ ಒಂದು ಸಂಜೆಯ ಕೆಲಸದವರೆಗೂ ಬರುತ್ತದೆ. ಕೊನೆಗೆ ಉಳಿದದ್ದು ಬಟ್ಟಲಿನ ಗೋಡೆಯ ಮಾತು. ನಾನು ತೆಳುಗೋಡೆಯ ಹಗುರದ ಪೈಪನ್ನು ಆರಿಸಿದೆ. ಅದು ಬೇಗ ಕಾಯುತ್ತದೆ ಎಂದು ಅಂಕಲ್ ಹೇಳಿದರು. ಅಪ್ಪ ದಪ್ಪಗೋಡೆಯ ಭಾರದ್ದನ್ನು ಹಿಡಿದ. ಸೀಳಿದ ಪೈಪಿನ ನೆನಪು ಹಸಿಯಾಗಿತ್ತು, ಗಟ್ಟಿಮುಟ್ಟಾದದ್ದೇ ಬೇಕು ಎಂದ. ನಾನು ಲೋಕಲ್ಲಿನಲ್ಲಿ ಗೋರೆಗಾಂವಿನವರೆಗೂ ಮುಖ ಊದಿಸಿಕೊಂಡು ಬಂದೆ. ನನ್ನ ಆಯ್ಕೆಯೇ ಸರಿಯಾಗಿತ್ತು.

ಆದರೂ ಆ ಪೈಪು ಮನೆಯಲ್ಲಿ ನೆಲೆಯಾಯಿತು. ಗೊರಗೊರ ಇಲ್ಲ, ಹನಿ ಇಲ್ಲ. ಅವ್ವನಿಗೆ ತೊಳೆಯದಿರಲು ತಾಕೀತಾಗಿತ್ತು. ಸಂಜೆಗಳು ನನಗೆ ವಾಪಸು ಸಿಕ್ಕವು. ಅಪ್ಪ ಕಚ್ಚಿದ ಹಲ್ಲಿನ ನಡುವೆಯೇ ಮಾತಾಡುವುದನ್ನು ಕಲಿತ. ಅಡಿಗೆಮನೆಗೆ ಗಾಳಿ ಯಾವ ದಿಕ್ಕಿನಿಂದ ಬರಬೇಕು, ಮೆಟ್ಟಿಲು ಎಷ್ಟು ಎತ್ತರವಿದ್ದರೆ ಮುದುಕರಿಗೆ ಸುಖ, ಇದನ್ನೆಲ್ಲ ನಾನು ಆ ಅರ್ಧಂಬರ್ಧ ಮಾತಿನಲ್ಲೇ ಕಲಿತದ್ದು. ಅಜ್ಜಿಯ ಕಾವಲು ಮಾತ್ರ ಸಡಿಲಾಗಲಿಲ್ಲ. ಅಪ್ಪ ಬಚ್ಚಲಿಗೆ ಹೊರಟರೆ ಸೆರಗು ಒತ್ತಿ ಹಿಡಿದು ದಾರಿ ಬಿಡುತ್ತಿದ್ದಳು. ಕುರ್ಲಾದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಒಂದು ಸಂಜೆ ಅಪ್ಪ ದೊಡ್ಡ ನಕ್ಷೆಯೊಂದಕ್ಕೆ ಮಸಿ ಹಾಕುತ್ತಿದ್ದ. ಮರುದಿನ ಬೆಳಿಗ್ಗೆ ಅದು ಗುತ್ತಿಗೆದಾರರ ಕೈ ಸೇರಬೇಕಿತ್ತು. ಆಗಿನ ಮಸಿಯ ಪೆನ್ನಿಗೆ ಎರಡು ಉಕ್ಕಿನ ನಾಲಿಗೆ, ನಡುವೆ ಒಂದು ಹನಿ ಮಸಿ. ಗೆರೆ ಶುರುಮಾಡಿದರೆ ನಡುವೆ ನಿಲ್ಲುವಂತಿಲ್ಲ; ನಿಂತಲ್ಲಿ ಗುಳ್ಳೆಯಂತೆ ಮಸಿ ಕೂಡುತ್ತದೆ, ವಾರದ ಕೆಲಸ ಹಾಳು. ಅಪ್ಪ ಬೋರ್ಡಿನ ಎಡತುದಿಯಿಂದ ಬಲತುದಿಗೆ ಹೊರಗೋಡೆಯ ಉದ್ದ ಗೆರೆಯನ್ನು ಎಳೆಯುತ್ತಿದ್ದ. ನಾನು ಉಸಿರು ಬಿಗಿಹಿಡಿದು ಕಾಗದ ಒತ್ತಿಕೊಂಡಿದ್ದೆ. ಅಜ್ಜಿ ಬೋರ್ಡಿನ ಬಲಬದಿಗೆ ಇನ್ನೊಂದು ಸ್ಟೂಲಿನಲ್ಲಿ, ತೊಡೆಯ ಮೇಲೆ ಬತ್ತಿಗಳ ರಾಶಿ ಇಟ್ಟುಕೊಂಡು ಕುಳಿತಿದ್ದಳು. ಆಗ ಅವ್ವ ಅಡಿಗೆಮನೆಯಿಂದ ಕೂಗಿ ಕೇಳಿದಳು.

"ಚಹಾ ಇಡ್ಲೇನ್ರಿ?"

"ಬ್ಯಾಡ," ಎಂದ ಅಪ್ಪ, ಬಾಯಿ ಪೂರ್ತಿ ತೆರೆದು.

ಪೈಪು ಬಿತ್ತು. ಕೆಂಡ ತುಂಬಿದ ಬಟ್ಟಲು, ಕೆಳಗೆ ಟ್ರೇಸಿಂಗ್ ಕಾಗದ. ಅಪ್ಪನ ಎರಡು ಕೈಗಳೂ ಕಟ್ಟಿಹೋಗಿದ್ದವು, ನನ್ನವೂ. ಕಾಗದಕ್ಕೆ ತಾಗುವ ಮೊದಲೇ ಒಂದು ಕೈ ಅಡ್ಡ ಬಂತು. ಅಜ್ಜಿ ಅದನ್ನು ಅಂಗೈಯಲ್ಲಿ ಹಿಡಿದಿದ್ದಳು, ಬಟ್ಟಲು ಮೇಲ್ಮುಖವಾಗಿ, ಕೊಳವೆಯ ಒದ್ದೆ ತುದಿ ಅವಳ ಮಣಿಕಟ್ಟಿಗೆ ತಾಗಿಕೊಂಡು. ಬತ್ತಿಗಳೆಲ್ಲ ನೆಲದ ಪಾಲಾಗಿದ್ದವು. ಅಪ್ಪನ ಕಣ್ಣು ಅವಳ ಕಡೆ ತಿರುಗಿತು.

"ನನ್ನ ಮಾರಿ ಏನು ನೋಡತೀ. ಗೀಟು ಮುಗಸು ಮೊದಲ."

ಅಪ್ಪ ಮುಗಿಸಿದ. ಅವಸರ ಮಾಡದೆ, ತುದಿಯವರೆಗೂ. ಅಷ್ಟು ಹೊತ್ತೂ ಅಜ್ಜಿ ಆ ಎಂಜಲನ್ನು ಹಿಡಿದುಕೊಂಡೇ ಕುಳಿತಿದ್ದಳು. ಹೊಗೆ ಅವಳ ಮುಖಕ್ಕೆ ಬರುತ್ತಿತ್ತು, ಅವಳು ಮುಖ ತಿರುಗಿಸಲಿಲ್ಲ. ಪೆನ್ನು ಎತ್ತಿದ ಮೇಲೆಯೇ ಅದನ್ನು ಅವನ ಕೈಗೆ ಕೊಟ್ಟು, ಯಾರಿಗೂ ಸೋಕದಂತೆ ಕೈ ದೂರ ಹಿಡಿದು ಬಚ್ಚಲಿಗೆ ಹೋದಳು. ಅವ್ವ ಹಂಡೆಯಲ್ಲಿ ತುಂಬಿಟ್ಟಿದ್ದ ನೀರನ್ನು ಬಕೆಟ್ಟಿಗೆ ಸುರಿದುಕೊಟ್ಟಳು. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸಪ್ಪಳ ಕೇಳುತ್ತ ನಾವು ಕುಳಿತೆವು. ಅಪ್ಪ ಪೈಪನ್ನು ಬಾಯಿಗೆ ಇಡಲೂ ಇಲ್ಲ, ಕೆಳಗೆ ಇಡಲೂ ಇಲ್ಲ. ನನಗೆ ಅಳು ಬಂದಿತ್ತು. ಕಾಯಿದೆಯಲ್ಲಿ ಕಿಂಡಿ ಹುಡುಕಿದ್ದು ನಾನು, ಸೋತದ್ದು ಅಜ್ಜಿ ಅನ್ನಿಸಿತು.

ಅಜ್ಜಿ ಒದ್ದೆ ತಲೆಗೆ ಸೆರಗು ಹೊದ್ದುಕೊಂಡು ಬಂದಳು. ಟ್ರಂಕಿನ ಹತ್ತಿರ ಹೋದಾಗ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಕುರ್ಲಾಕ್ಕ ಹೊಂಟೀಯೇನು?"

"ಯಾಕ?"

"ಎಂಜಲಾ ಮುಟ್ಟಿತಲ್ಲ ನಿನಗ."

"ಅದೆಲ್ಲಿ ನನಗ ಮುಟ್ಟಿತು. ನಾನ ಹೋಗಿ ಅದನ್ನ ಮುಟ್ಟೀನಿ."

ಟ್ರಂಕಿನಿಂದ ಹೊಸ ಹತ್ತಿಯ ಉಂಡೆ ತೆಗೆದುಕೊಂಡು ಅವಳು ಮತ್ತೆ ಬಲ್ಬಿನ ಕೆಳಗೆ ಬಂದು ಕುಳಿತಳು. ಒಂದು ಬತ್ತಿ ಹೊಸೆದಳು, ಇನ್ನೊಂದು ಹೊಸೆದಳು. ಆಮೇಲೆ ತಲೆ ಎತ್ತದೆಯೇ ಮಗನಿಗೆ ಹೇಳಿದಳು.

"ಭಾಳ ವಜ್ಜಾ ಅದನೋ ಅದು. ದಿನಾ ಹಲ್ಲಿಲೆ ಹೆಂಗ ಹಿಡೀತೀ? ಐತವಾರ ಬಾಂದ್ರಾಕ್ಕ ಹೋಗಿ ಹಗೂರದ್ದು ನೋಡಿ ತಗೊಂಡು ಬಾ."